ಪುಸ್ತಕ ಹಿಡಿದು ಕೂತವರು

"ಕೇಟಿಯಲ್ಲಿ ನಿರುಪಮಾನ ಅತ್ತೆಗೆ ಹುಷಾರಿಲ್ವಂತೆ ರೀ. ನೋಡ್ಕೊಂಡು ಬರ್ತೀನಿ. ನಾಳೆ ಸಂಜೆಗೆ ವಾಪಸ್."

ಬುಧವಾರ ಬೆಳಿಗ್ಗೆ ಏಳಕ್ಕೆ, ಡಲ್ಲಾಸ್ ಪಕ್ಕದ ಲೂಯಿಸ್‌ವಿಲ್‌ನ ಮನೆಯ ಗ್ಯಾರೇಜಿನಲ್ಲಿ ನಿಂತು ಸುಚೇತಾ ಗಂಡನಿಗೆ ಹೇಳಿದ್ದು ಇಷ್ಟೇ. ತಿರುಮಲ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಬೆಂಗಳೂರಿನ ಯಾರದೋ ಮಾತು ಕೇಳುತ್ತಲೇ, "ಹೂಂ, ಟೈರಲ್ಲಿ ಗಾಳಿ ನೋಡ್ಕೋ" ಎಂದ. ಪಾಪ, ಅವನಿಗೆ ಅನುಮಾನಪಡಲು ಕಾರಣವೇ ಇರಲಿಲ್ಲ. ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ಅವಳು ಅವನಿಗೆ ಹೇಳಿದ ಸುಳ್ಳುಗಳಿಗೆ ಒಂದು ಕೈಯ ಬೆರಳು ಸಾಕಿತ್ತು. ಅದರಲ್ಲಿ ಎರಡು ಈ ವರ್ಷದವು.

ಮೊದಲನೆಯದು ಯುಗಾದಿಯದು. ಮೈಸೂರಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷದಲ್ಲೇ ಮದುವೆಯಾಗಿ ಬಂದವಳು ಸುಚೇತಾ. ಮಗಳು ಶ್ರೀಜಾ ಹೈಸ್ಕೂಲಿಗೆ ಬಂದ ಮೇಲೆ ಆಸ್ಟಿನ್‌ನ ಒಂದು ವಿಶ್ವವಿದ್ಯಾಲಯದಲ್ಲಿ ಹೆಸರು ಬರೆಸಿ, ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾಲ್ಕು ವರ್ಷ ಓದಿದಳು. ಮುಗಿಯಿತು ಎಂದುಕೊಂಡಾಗ, ಫೆಬ್ರವರಿಯಲ್ಲಿ, ಒಂದು ಇಮೇಲ್ ಬಂತು. ಅಮೆರಿಕದ ಸರ್ಕಾರದ ಬಗ್ಗೆ ಒಂದು ವಿಷಯ ಬಾಕಿ ಇದೆ, ಮೂರು ಕ್ರೆಡಿಟ್ ಕಡಿಮೆ. ಅವಳು ಅದನ್ನು ಯಾರಿಗೂ ಹೇಳಲಿಲ್ಲ. ಹೇಳುವ ಮೊದಲೇ ತಿರುಮಲ ಹೆಮ್ಮೆಯಿಂದ ಅವಳ ಹೆಸರನ್ನು ಕನ್ನಡ ಬಳಗದವರಿಗೆ ಕೊಟ್ಟುಬಿಟ್ಟಿದ್ದ. ಯುಗಾದಿ ಕಾರ್ಯಕ್ರಮದಲ್ಲಿ ಪ್ರತಿವರ್ಷ ಪದವಿ ಪಡೆದವರಿಗೆ ಶಾಲು ಹೊದಿಸುವ ಪದ್ಧತಿ. ಹದಿನೆಂಟು ಇಪ್ಪತ್ತೆರಡರ ಮಕ್ಕಳ ಸಾಲಿನ ಕೊನೆಯಲ್ಲಿ ನಲವತ್ತೊಂದರ ಸುಚೇತಾಳನ್ನು ನಿಲ್ಲಿಸಿದಾಗ ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. "ನಮ್ಮ ಹೆಣ್ಣುಮಕ್ಕಳಿಗೆಲ್ಲ ಮಾದರಿ" ಎಂದು ಅಧ್ಯಕ್ಷ ರಾಜಗೋಪಾಲ ಅಂಕಲ್ ಮೈಕಿನಲ್ಲಿ ಗದ್ಗದಿತರಾದರು. ಆಗ ಬಾಯಿ ಬಿಡಬೇಕಿತ್ತು. ಅವಳು ಕೈ ಮುಗಿದಳು.

ಹಾಗಾಗಿ ಈಗ ಉಳಿದದ್ದು ಒಂದೇ ದಾರಿ. ತರಗತಿಗೆ ಕೂರದೆಯೇ ಕ್ರೆಡಿಟ್ ಕೊಡುವ ಪರೀಕ್ಷೆಯೊಂದಿದೆ. ತೊಂಬತ್ತು ನಿಮಿಷ, ನೂರು ಪ್ರಶ್ನೆ, ಅಂಕ ಐವತ್ತು ಮುಟ್ಟಿದರೆ ಪಾಸು. ಡಲ್ಲಾಸ್ ಸುತ್ತಮುತ್ತ ಯಾವ ಕೇಂದ್ರದಲ್ಲೂ ಜಾಗ ಇರಲಿಲ್ಲ. ಹ್ಯೂಸ್ಟನ್‌ನ ಪಶ್ಚಿಮದಲ್ಲಿ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಒಂದೇ ಒಂದು ಸೀಟು ಸಿಕ್ಕಿತು. ಬುಧವಾರ ಹೊರಟವಳು ಸುತ್ತು ಬಳಸಿ ಆಸ್ಟಿನ್‌ನಲ್ಲಿ ಇಳಿದು, ಇಮೇಲಿಗೆ ಉತ್ತರ ಕೊಡದ ವಿಶ್ವವಿದ್ಯಾಲಯದ ಸಲಹೆಗಾರ್ತಿಯನ್ನು ಎದುರಿಗೇ ಹಿಡಿದು ಕೇಳಿದಳು. ಶುಕ್ರವಾರ ಸಂಜೆ ಐದರೊಳಗೆ ಅಂಕಪಟ್ಟಿ ತಲುಪಿದರೆ ಈ ಮೇ ತಿಂಗಳ ಪದವಿ; ಇಲ್ಲವಾದರೆ ಡಿಸೆಂಬರ್. ಫೇಲಾದರೆ ಮತ್ತೆ ಬರೆಯಲು ಮೂರು ತಿಂಗಳು ಕಾಯಬೇಕು. ಆಗಸ್ಟಿನಲ್ಲಿ ಲೂಯಿಸ್‌ವಿಲ್‌ನ ಶಾಲೆಯೊಂದರಲ್ಲಿ ಟೀಚರ್ ಕೆಲಸ ಕಾದಿತ್ತು, ಪದವಿಪತ್ರ ತೋರಿಸಿದರೆ ಮಾತ್ರ.

ಪಾಸಾದರೆ ಜೂನಿನಲ್ಲಿ ಪತ್ರ ಮನೆಗೆ ಬರುತ್ತದೆ. ಯುಗಾದಿಯ ಸುಳ್ಳು ಯಾರಿಗೂ ಗೊತ್ತಾಗದಂತೆ ನಿಜವಾಗಿಬಿಡುತ್ತದೆ.

ಹ್ಯೂಸ್ಟನ್ ಪಕ್ಕದ ಕೇಟಿ ತಲುಪಿದಾಗ ಮಧ್ಯಾಹ್ನ ಮೂರೂವರೆ. ಬಿಸಿಲು ರಸ್ತೆಯ ಮೇಲೆ ಬಿಳಿಯಾಗಿ ನಿಂತಿತ್ತು. ಒಂದೇ ಅಚ್ಚಿನ ಮನೆಗಳ ಸಾಲಿನಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಬಾಗಿಲು ತೆರೆದ ನಿರುಪಮಾ ಧಾರವಾಡದವಳು. ಹಿಂದೆ ಡಲ್ಲಾಸಿನಲ್ಲಿದ್ದಾಗ ಇಬ್ಬರಿಗೂ ಒಂದೇ ಅಪಾರ್ಟ್‌ಮೆಂಟು. ಸುಚೇತಾಳ ಗುಟ್ಟು ಗೊತ್ತಿದ್ದುದು ಇವಳೊಬ್ಬಳಿಗೇ.

"ಬಾರವ್ವ, ಪದವೀಧರೆ!" ಎಂದಳು ನಿರುಪಮಾ. "ಶಾಲು ಹೊದ್ದಕೊಂಡ ಮ್ಯಾಲೆ ಪರೀಕ್ಷಾ ಬರಿಯಾಕಿ ಅಂತ ನಿನ್ನೊಬ್ಬಾಕಿನ್ನ ನೋಡಿದೆ ನೋಡು."

"ನಗಬೇಡ ಕಣೆ. ನಾಳೆ ಒಂಬತ್ತಕ್ಕೆ ಪರೀಕ್ಷೆ, ತಲೆ ಪೂರ್ತಿ ಖಾಲಿ."

"ಚಾ ಕುಡಿ, ಸರಿ ಆಗತೈತಿ. ನಮ್ಮವರು ಊರಾಗಿಲ್ಲ. ನಾನೂ ಆರರತನ ಮೀಟಿಂಗಿನಾಗ ಇರತೀನಿ. ಮನಿ ತಣ್ಣಗ ಐತಿ, ಓದಕೋ. ಅತ್ತಿ ಅದಾರ, ಆದ್ರ ಅವರು ಇದ್ದದ್ದೂ ನಿನಗ ಗೊತ್ತಾಗಂಗಿಲ್ಲ."

ನಿರುಪಮಾಳ ಅತ್ತೆ ನಿಂಗವ್ವ ಹಿಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ, ಮರದ ಕುರ್ಚಿಯಲ್ಲಿ ಕುಳಿತಿದ್ದರು. ಇಳಕಲ್ ಸೀರೆ, ಹಣೆಗೆ ವಿಭೂತಿ, ತೋರುಬೆರಳಿನಲ್ಲಿ ಒಂದು ದಪ್ಪ ಬೆಳ್ಳಿಯ ಉಂಗುರ. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಮಾತು ನಿಂತಿತ್ತು. ಎಂಬತ್ತೆರಡು ವಯಸ್ಸು. ಅವರಿಗೆ ಹುಷಾರಿಲ್ಲವೆಂದು ಹೇಳಿ ಬಂದಿದ್ದರೂ ನೋಡಿದರೆ ಗಟ್ಟಿಮುಟ್ಟಾಗಿಯೇ ಇದ್ದರು. ಸುಚೇತಾ ಕಾಲು ಮುಟ್ಟಿ ನಮಸ್ಕರಿಸಿದಳು. ನಿಂಗವ್ವನ ದೃಷ್ಟಿ ಅವಳ ಬಗಲಲ್ಲಿದ್ದ ಪುಸ್ತಕದ ಮೇಲೆ ನಿಂತಿತು. ಬಲಗೈ ಮೇಲೆದ್ದು ಮುಂದೆ ಬಂತು.

"ಕೊಡು ಅಂತಾರ," ಎಂದಳು ನಿರುಪಮಾ, ಅಚ್ಚರಿಯಿಂದ. "ಮೂರೂ ಮಕ್ಕಳ ಪಾಠ ಇವರ ಒಪ್ಪಿಸಿಕೊಂಡಾರ. ಇವರು ಪುಸ್ತಕ ಹಿಡಕೊಂಡು ಕೂಡೋದು, ಮಕ್ಕಳು ಕೈ ಕಟ್ಟಿ ನಿಂತು ಹೇಳೋದು. ತಪ್ಪಿದರ ಉಂಗುರದಲೆ ಕುರ್ಚಿ ಕಟ್ಟಿಗಿಗೆ ಒಂದು ಟಕ್. ಅಷ್ಟ. ಮೂರೂ ಮಂದಿ ಎಂಜಿನಿಯರ್ ಆದರು." ಆಮೇಲೆ ದನಿ ತಗ್ಗಿಸಿದಳು. "ತಮಾಷಿ ಅಂದ್ರ, ಅತ್ತಿಗೆ ಓದಾಕ ಬರಂಗಿಲ್ಲ. ಒಂದು ಅಕ್ಷರಾನೂ. ಮಕ್ಕಳ ದನಿ ಹೆದರಿತು ಅಂದ್ರ ಇವರಿಗೆ ಗೊತ್ತಾಗತಿತ್ತಂತ. ನಮ್ಮನಿಯವರಿಗೆ ಅದು ತಿಳಿದದ್ದ ಕಾಲೇಜಿಗೆ ಹೋದಮ್ಯಾಲೆ."

ಹೇಳಿ ಅವಳು ಮಹಡಿಯ ಮೇಲಿನ ತನ್ನ ಆಫೀಸ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸುಚೇತಾಗೆ ನಗು ಬಂತು. ಜೊತೆಗೇ ಒಂದು ಆಸೆಯೂ. ಎರಡು ತಿಂಗಳಿನಿಂದ ಕದ್ದು ಓದುತ್ತಿದ್ದಳು, ಬಾತ್‌ರೂಮಿನಲ್ಲಿ, ಅಂಗಡಿಯ ಪಾರ್ಕಿಂಗಿನಲ್ಲಿ. ಓದಿದ್ದು ಒಂದೂ ನಿಲ್ಲುತ್ತಿರಲಿಲ್ಲ. ಯಾಕೆಂದು ಅವಳಿಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಮೈಸೂರಿನ ಸರಸ್ವತೀಪುರಂನ ಮನೆಯಲ್ಲಿ ಅಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತ, ತೊಡೆಯ ಮೇಲೆ ಪುಸ್ತಕ ತೆರೆದಿಟ್ಟುಕೊಂಡು ಕೇಳುತ್ತಿದ್ದರು. ಒಪ್ಪಿಸದ ಪಾಠ ಅವಳ ಪಾಲಿಗೆ ಓದಿದ ಲೆಕ್ಕವೇ ಅಲ್ಲ. ಫೋನಿನಲ್ಲಿರುವ ಯಾವ ಆ್ಯಪಿಗೂ ಪಾಠ ಒಪ್ಪಿಸಿಕೊಳ್ಳಲು ಬರುವುದಿಲ್ಲ.

ಅವಳು ಪುಸ್ತಕವನ್ನು ನಿಂಗವ್ವನ ಮಡಿಲಲ್ಲಿ ಇಟ್ಟಳು. ಹೊದಿಕೆ ಹರಿದ ಹಳೆಯ ಪುಸ್ತಕ, ಯಾರೋ ಓದಿ ಬಿಟ್ಟದ್ದು. ನಿಂಗವ್ವ ಅದನ್ನು ತಲೆಕೆಳಗಾಗಿ ತೆರೆದರು. ಸುಚೇತಾ ಸರಿಪಡಿಸಲು ಹೋಗಲಿಲ್ಲ. ಗೋಡೆಗೆ ಬೆನ್ನು ಕೊಟ್ಟು, ತನಗೇ ನಾಚಿಕೆಯಾಗುವ ಹಾಗೆ ಕೈ ಕಟ್ಟಿ ನಿಂತು, ಇಂಗ್ಲಿಷಿನಲ್ಲಿ ಶುರು ಮಾಡಿದಳು. ಕೆಳಮನೆಯ ಸದಸ್ಯರು ನಾನ್ನೂರ ಮೂವತ್ತೈದು. ಸುಪ್ರೀಂ ಕೋರ್ಟಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳು. ಅಧ್ಯಕ್ಷರು ತಡೆದ ಮಸೂದೆಯನ್ನು ಮತ್ತೆ ಗೆಲ್ಲಿಸಲು ಎರಡೂ ಸದನಗಳಲ್ಲಿ... ಐದನೇ ಮೂರರಷ್ಟು...

ಟಕ್.

ಹೌದಲ್ಲ, ಮೂರನೇ ಎರಡರಷ್ಟು. ದನಿ ಹೆದರಿತ್ತು, ಗೊತ್ತಾಯಿತು. ಸುಚೇತಾ ನಕ್ಕು ಮುಂದುವರಿದಳು. ಇನ್ನರ್ಧ ಗಂಟೆಯಲ್ಲಿ ಆರು ಸಲ ಉಂಗುರ ಬಡಿಯಿತು, ಆರೂ ಸಲ ತಪ್ಪು ಅವಳದ್ದೇ. ಓದಿದ್ದೆಲ್ಲ ಒಂದೊಂದಾಗಿ ಬಂದು ತನ್ನ ಜಾಗದಲ್ಲಿ ಕೂರತೊಡಗಿತು. ಎಷ್ಟೋ ವರ್ಷದ ಮೇಲೆ ತಲೆ ತಿಳಿಯಾದಂತೆನಿಸಿತು.

ಆಗ ಅವಳಿಗೆ ಪರೀಕ್ಷಿಸುವ ಚಪಲ ಹುಟ್ಟಿತು. ಉತ್ತರ ಚೆನ್ನಾಗಿ ಗೊತ್ತಿದ್ದೂ, ಗಂಟಲು ಒಂದಿಷ್ಟೂ ನಡುಗಿಸದೆ, ಟೀಚರಿನ ದನಿಯಲ್ಲೇ ಹೇಳಿದಳು: "ಸೆನೆಟ್ ಸದಸ್ಯರ ಅವಧಿ ನಾಲ್ಕು ವರ್ಷ."

ಟಕ್.

ಸರಿ, ಬೇಕೆಂದೇ ಹೇಳಿದ ಸುಳ್ಳೂ ದನಿಯಲ್ಲಿ ಎಲ್ಲೋ ತಿಳಿಯುತ್ತದೇನೋ. ಸಮಾಧಾನ ಮಾಡಿಕೊಂಡು ತಿದ್ದುಪಡಿಗಳಿಗೆ ಬಂದಳು. ಹತ್ತೊಂಬತ್ತನೆಯದು, ಹೆಂಗಸರಿಗೆ ಮತದಾನದ ಹಕ್ಕು. ನಿಶ್ಶಬ್ದ. ಇಪ್ಪತ್ತನಾಲ್ಕನೆಯದು, ಹದಿನೆಂಟು ತುಂಬಿದವರಿಗೆ ಮತ.

ಟಕ್.

"ಇಲ್ಲ ಅಮ್ಮ, ಇದು ಸರಿ. ಪುಸ್ತಕದಲ್ಲೇ ಇದೆ, ನೋಡಿ," ಎಂದು ಬಗ್ಗಿ ಪುಟ ತೋರಿಸಿದಳು. ಅಚ್ಚಾಗಿತ್ತು, ಇಪ್ಪತ್ತನಾಲ್ಕು. ನಿಂಗವ್ವ ಪುಟ ನೋಡಲಿಲ್ಲ. ಅವರು ಈವರೆಗೆ ಒಮ್ಮೆಯೂ ಪುಟ ನೋಡಿರಲಿಲ್ಲ ಎಂಬುದು ಸುಚೇತಾಗೆ ಆಗ ಹೊಳೆಯಿತು. ಆ ಕಣ್ಣುಗಳು ಇಷ್ಟು ಹೊತ್ತೂ ಅವಳ ಗಂಟಲ ಮೇಲಿದ್ದವು. ಉಂಗುರ ಇನ್ನೊಮ್ಮೆ ಬಡಿಯಿತು, ಮೆಲ್ಲಗೆ.

ಫೋನಿನಲ್ಲಿ ಹುಡುಕಿದಳು. ಪುಸ್ತಕದ್ದು ಅಚ್ಚಿನ ತಪ್ಪು. ಹದಿನೆಂಟರ ಮತದ್ದು ಇಪ್ಪತ್ತಾರನೆಯ ತಿದ್ದುಪಡಿ.

ಇಲ್ಲಿ ದನಿ ಹೆದರಿರಲಿಲ್ಲ. ಸುಳ್ಳೂ ಹೇಳಿರಲಿಲ್ಲ. ನಿಜವೆಂದೇ ನಂಬಿ ಹೇಳಿದ್ದಳು. ಎ.ಸಿ. ತಾನಾಗಿ ನಿಂತಿತು, ಮನೆಯ ಮೌನ ಕಿವಿಯ ತನಕ ಬಂತು. ಹೊರಗೆ ಬಿಸಿಲು ಇದ್ದಲ್ಲೇ ಇತ್ತು. ಬೇಲಿಯ ಮೇಲಿನ ಅಳಿಲೂ ಅಲುಗಾಡದೆ ಕೂತಿತ್ತು.

ಆಗಲೇ ಫೋನು ಕೈಯಲ್ಲಿ ನಡುಗಿತು. ತಿರುಮಲ.

"ತಲುಪಿದ್ಯಾ? ಹೇಗಿದ್ದಾರೆ ಅವರ ಅತ್ತೆ?"

ಸುಚೇತಾ ನಿಂಗವ್ವನ ಮುಖ ನೋಡುತ್ತಲೇ ಹೇಳಿದಳು, "ತುಂಬಾ ಸುಸ್ತು ರೀ. ಮಲಗೇ ಇದ್ದಾರೆ."

ಟಕ್.

"ಅದೇನದು ಸದ್ದು?"

"ಏನಿಲ್ಲ, ಫ್ಯಾನು."

ಟಕ್.

ಅವಳು ಕೋಣೆಯಿಂದ ಹೊರಗೆ ಓಡಿದಳು.

ಆ ಸಂಜೆ ಮತ್ತೆ ಒಳಗೆ ಹೋಗಬಾರದೆಂದುಕೊಂಡಿದ್ದಳು. ಆದರೆ ಊಟದ ಮೇಜಿನ ಹತ್ತಿರ ಒಬ್ಬಳೇ ಓದಲು ಕೂತರೆ ಒಂದಕ್ಷರ ನಿಲ್ಲದು. ನಾಳೆಯ ಐವತ್ತು ಅಂಕ ನೆನಪಾಯಿತು, ಶಾಲು ನೆನಪಾಯಿತು. ಐದು ಗಂಟೆಗೆ ತಾನೇ ಹೋಗಿ ಕೈ ಕಟ್ಟಿ ನಿಂತಳು. ನಿಂಗವ್ವ ಪುಸ್ತಕ ತೆರೆದುಕೊಂಡೇ ಕಾದಿದ್ದರು.

ಬೆಳಿಗ್ಗೆ ಹೊರಡುವಾಗಲೂ ಅವರು ಅದೇ ಕುರ್ಚಿಯಲ್ಲಿ, ಮಡಿಲಲ್ಲಿ ಅದೇ ಪುಸ್ತಕ. ಪಾರ್ಕಿಂಗಿನಲ್ಲಿ ಕೊನೆಯ ಸಲ ತಿರುವಿಹಾಕಲು ಸುಚೇತಾ ಅದನ್ನು ಎತ್ತಿಕೊಳ್ಳಹೋದರೆ, ಆ ಬೆರಳುಗಳು ಬಿಡಲಿಲ್ಲ.

"ಇರಲಿ ಬಿಡು," ಎಂದಳು ನಿರುಪಮಾ. "ನೀ ಬರೋತನ ಅವರ ಹಂತ್ಯಾಕ ಇರತೈತಿ. ಹೋಗಿ ಬಾ. ಪಾಸಾಗಿ ಬಂದರ ಹೋಳಿಗಿ, ಫೇಲಾಗಿ ಬಂದರೂ ಹೋಳಿಗಿ. ಬ್ಯಾಳಿ ಕುದಿಯಾಕ ಇಟ್ಟೇನಿ."

ಪರೀಕ್ಷೆಯ ಕೋಣೆಯಲ್ಲಿ ಹನ್ನೆರಡು ಕಂಪ್ಯೂಟರು, ಏಳು ಜನ, ಗಾಜಿನಾಚೆ ಒಬ್ಬ ಮೇಲ್ವಿಚಾರಕಿ. ಸದ್ದು ತಡೆಯುವ ದಪ್ಪ ಕಿವಿಮುಚ್ಚು ಕೊಟ್ಟಿದ್ದರು. ಸುಚೇತಾ ಅದನ್ನು ಹಾಕಿಕೊಂಡಾಗ ಲೋಕ ಮುಚ್ಚಿಕೊಂಡಿತು. ಕೇಳಿಸುತ್ತಿದ್ದುದು ತನ್ನದೇ ಉಸಿರು.

ಹತ್ತು ಪ್ರಶ್ನೆ ಸಲೀಸಾಗಿ ಹೋದವು. ಹನ್ನೊಂದನೆಯದಕ್ಕೆ ಮೂರನೇ ಉತ್ತರದ ಮೇಲೆ ಮೌಸ್ ಇಟ್ಟಳು.

ಟಕ್.

ಸುತ್ತ ನೋಡಿದಳು. ಎಲ್ಲರೂ ಪರದೆಗೆ ಮುಖ ಕೊಟ್ಟಿದ್ದರು. ಸದ್ದು ಬಂದದ್ದು ಕಿವಿಮುಚ್ಚಿನ ಒಳಗಿನಿಂದ, ಬಲು ಹತ್ತಿರದಿಂದ. ಪ್ರಶ್ನೆಯನ್ನು ಮತ್ತೆ ಓದಿದಳು. ಮೂರನೆಯದು ತಪ್ಪೇ. ಬದಲಿಸಿದಳು.

ಮುಂದೆ ಇನ್ನೊಮ್ಮೆ, ಮತ್ತೊಮ್ಮೆ. ಮೊದಮೊದಲು ಸದ್ದಾದಾಗ ತಿರುಗಿ ನೋಡುತ್ತಿದ್ದಳು. ನಲವತ್ತನೇ ಪ್ರಶ್ನೆಯ ಹೊತ್ತಿಗೆ ನೋಡುವುದು ನಿಂತಿತು. ಐವತ್ತರ ಹೊತ್ತಿಗೆ ಅವಳು ಆ ಸದ್ದಿಗಾಗಿ ಕಾಯುತ್ತಿದ್ದಳು. ಪ್ರಶ್ನೆ ಓದುವುದನ್ನೇ ಬಿಟ್ಟಿದ್ದಳು. ಒಂದೊಂದೇ ಉತ್ತರದ ಮೇಲೆ ಮೌಸ್ ಇಡುವುದು, ಕಿವಿಗೊಡುವುದು, ಎಲ್ಲಿ ಮೌನವೋ ಅಲ್ಲಿ ಒತ್ತುವುದು. ಎಷ್ಟು ಸುಲಭ! ಪಾಸಾದಂತೆಯೇ. ಪಾಸಾದರೆ ಯಾರಿಗೆ ತಿಳಿಯಬೇಕು?

ಅರವತ್ತಮೂರನೇ ಪ್ರಶ್ನೆ. ಮೊದಲ ಉತ್ತರದ ಮೇಲೆ ಇಟ್ಟಳು. ಟಕ್. ಎರಡನೆಯದು. ಟಕ್. ಮೂರನೆಯದು. ಟಕ್. ನಾಲ್ಕನೆಯದಕ್ಕೂ ಟಕ್. ಸರಿ, ಹಾಗಾದರೆ ಐದನೆಯದು ಎಂದು ಒತ್ತಲು ಹೋದಳು.

ಟಕ್.

ಈ ಸಲ ಎಷ್ಟು ಜೋರಾಗಿತ್ತೆಂದರೆ ಹಲ್ಲಿಗೆ ತಾಗಿದಂತಾಯಿತು. ಐದೇ ಉತ್ತರಗಳು, ಐದೂ ತಪ್ಪು. ಅವಳು ಕಿವಿಮುಚ್ಚನ್ನು ಕಿತ್ತು ಮೇಜಿನ ಮೇಲಿಟ್ಟಳು. ಗಡಿಯಾರದಲ್ಲಿ ಹತ್ತು ಗಂಟೆ. ಗಾಜಿನಾಚೆಯ ಹೆಂಗಸು ತಲೆಯೆತ್ತಿ ನೋಡಿ ಮತ್ತೆ ತಗ್ಗಿಸಿದಳು. ತಪ್ಪು ಉತ್ತರದಲ್ಲಿಲ್ಲ ಎಂದು ತಿಳಿಯಲು ಸುಚೇತಾಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಪಾಠ ಒಪ್ಪಿಸಬೇಕಾದವಳು ತಾನು. ಇಷ್ಟು ಹೊತ್ತು ಕೇಳುವವರಿಂದಲೇ ಹೇಳಿಸಿಕೊಳ್ಳುತ್ತಿದ್ದಳು.

ಅರವತ್ತಮೂರನೆಯದನ್ನು ಓದಿದಳು. ಎರಡು ಸಲ ಓದಿ ತನಗೆ ತೋಚಿದ್ದನ್ನು ಒತ್ತಿದಳು. ಸದ್ದಿಲ್ಲ. ಮುಂದಿನದಕ್ಕೂ ಇಲ್ಲ. ತಪ್ಪೇ ಇರಬಹುದು ಎನಿಸಿದವಕ್ಕೂ ಇಲ್ಲ. ಈಗಿನ ಮೌನದಿಂದ ಏನೂ ತಿಳಿಯುವಂತಿರಲಿಲ್ಲ. ಅದು ಬರೀ ಮೌನ. ಟಕ್ಕೆಂಬ ಸದ್ದಿಗಿಂತ ಅದಕ್ಕೇ ಅವಳು ಹೆಚ್ಚು ಹೆದರಿದಳು. ಆದರೂ ನೂರರ ತನಕ ಒಬ್ಬಳೇ ನಡೆದಳು.

ಪರದೆಯ ಮೇಲೆ ಅಂಕ ಬಂತು. ಐವತ್ತೊಂದು.

ಅಂಕಪಟ್ಟಿಯ ಫೋಟೊ ತೆಗೆದು ಪಾರ್ಕಿಂಗಿನಿಂದಲೇ ಆಸ್ಟಿನ್‌ಗೆ ಕಳಿಸಿದಳು. ಹತ್ತು ನಿಮಿಷದಲ್ಲಿ ಉತ್ತರ ಬಂತು. ಎರಡು ತಿಂಗಳು ಬಾರದ ಉತ್ತರ! ಎಲ್ಲ ಸರಿಯಾಗಿದೆ, ಅಭಿನಂದನೆಗಳು.

ಕೇಟಿಗೆ ಬಂದರೆ ಮನೆ ತುಂಬ ಬೆಲ್ಲ, ಏಲಕ್ಕಿಯ ವಾಸನೆ. ನಿರುಪಮಾ ಅಪ್ಪಿಕೊಂಡಳು, ಕುಣಿದಳು. ಆಮೇಲೆ ಹಿಂದಿನ ಕೋಣೆಯ ಬಾಗಿಲ ಕಡೆ ಕಣ್ಣು ಮಾಡಿ, "ಇವತ್ತು ಅತ್ತಿಗೆ ಏನಾಗಿತ್ತೋ ಏನೋ ಮಾರಾಯ್ತಿ," ಎಂದಳು. "ನೀ ಹೋದಾಗಿಂದ ಖಾಲಿ ಖೋಲಿಯೊಳಗ ಒಬ್ಬರ ಕೂತು ಟಕ್ ಟಕ್ ಅಂತ ಬಡದಿದ್ದ ಬಡದಿದ್ದು. ನನಗ ಮೀಟಿಂಗಿನಾಗ ಕೂಡಾಕ ಆಗಲಿಲ್ಲ. ಹತ್ತಕ್ಕ ಒಂದ ಸಮ ಐದು ಸಲ ಬಡದರು ನೋಡು, ಕುರ್ಚಿ ಒಡೀತು ಅಂತ ನಾ ಓಡಿ ಬಂದೆ. ಬಂದರ, ಉಂಗುರ ತಗದು ನಿನ್ನ ಪುಸ್ತಕದಾಗ ಇಟ್ಟು ಮುಚ್ಚಾಕತ್ತಿದ್ರು. ನಲವತ್ತು ವರ್ಷ ಬೆರಳಿನಿಂದ ಬಿಚ್ಚಿದ್ದಿಲ್ಲ ಅದನ್ನ."

ಸುಚೇತಾ ಕೋಣೆಗೆ ಹೋದಳು. ನಿಂಗವ್ವ ಕಿಟಕಿಯ ಕಡೆ ತಿರುಗಿ ಕೂತಿದ್ದರು. ಉಂಗುರವಿದ್ದ ಜಾಗದಲ್ಲಿ ಚರ್ಮ ಬೆಳ್ಳಗೆ ತಗ್ಗಿತ್ತು. ಅವಳು ಕರೆದರೂ ತಿರುಗಲಿಲ್ಲ. ಕೇಳುವುದನ್ನೆಲ್ಲ ಕೇಳಿ ಮುಗಿಸಿದವರ ಹಾಗಿದ್ದರು.

"ಹಾಕ್ಕೋ," ಎಂದು ನಿರುಪಮಾಳೇ ಪುಸ್ತಕದಿಂದ ಉಂಗುರ ತೆಗೆದು ಸುಚೇತಾಳ ಬಲಗೈಯ ತೋರುಬೆರಳಿಗೆ ಸೇರಿಸಿದಳು. "ಹಿರ್ಯಾರು ಕೊಟ್ಟದ್ದು ತಿರುಗಿ ಕೊಡಬಾರದು." ಎರಡು ಅಳತೆ ದೊಡ್ಡದಿದ್ದಂತೆ ಕಂಡದ್ದು ಗೆಣ್ಣು ದಾಟಿದ ಮೇಲೆ ಬಿಗಿಯಾಗಿ ಕೂತಿತು.

ಹೋಳಿಗೆಯ ಡಬ್ಬಿ ಪಕ್ಕದ ಸೀಟಿನ ಮೇಲಿಟ್ಟುಕೊಂಡು ಸುಚೇತಾ ಹೊರಟಳು. ಊರು ದಾಟುವಷ್ಟರಲ್ಲಿ ಎದೆ ಹಗುರವಾಗಿತ್ತು. ಮುಗಿಯಿತು. ಯಾರಿಗೂ ತಿಳಿಯಲಿಲ್ಲ, ಇನ್ನು ತಿಳಿಯುವುದೂ ಇಲ್ಲ. ಹಾಡು ಹಾಕೋಣವೆಂದುಕೊಳ್ಳುವಾಗ ತಿರುಮಲನ ಫೋನು ಬಂತು. ಅವನ ದನಿ ಕಾರಿನ ತುಂಬ ಹರಡಿತು.

"ಹೊರಟ್ಯಾ? ಹೇಗಿದ್ದಾರೆ ಈಗ ಅವರು?"

"ಪರವಾಗಿಲ್ಲ ರೀ, ಎದ್ದು ಕೂತಿದ್ದಾರೆ. ಅವರನ್ನ ನೋಡಬೇಕು ಅನ್ನಿಸ್ತು, ನೋಡ್ಕೊಂಡು ಬಂದ ಹಾಗಾಯ್ತು."

ಟಕ್.

ಅವಳ ಬಲಗೈಯ ತೋರುಬೆರಳು ಮೇಲೆದ್ದು ಸ್ಟಿಯರಿಂಗಿಗೆ ಬಡಿದು ಮತ್ತೆ ತನ್ನ ಜಾಗಕ್ಕೆ ಹೋಗಿತ್ತು. ಅವಳು ಎತ್ತಿರಲಿಲ್ಲ.

"ಏನದು? ನಿನ್ನೆನೂ ಕೇಳಿಸ್ತು," ಎಂದ ತಿರುಮಲ. "ಕಾರಲ್ಲೇನಾದ್ರೂ ಸಡಿಲ ಆಗಿದ್ಯಾ?"

"ಇಲ್ಲ, ಏನೂ ಇಲ್ಲ."

ಟಕ್.

ಎಡಗೈಯಿಂದ ಆ ಬೆರಳನ್ನು ಮುಚ್ಚಿ ಹಿಡಿದಳು. ಕೈಯ ಕೆಳಗೆ ಅದು ಬಿಸಿಯಾಗಿತ್ತು, ತಾಳ್ಮೆಯಿಂದಿತ್ತು. ಮುಂದಿನ ತಿರುವಿನಲ್ಲಿ ಹೆದ್ದಾರಿ ಬಿಟ್ಟು, ಪೆಟ್ರೋಲ್ ಬಂಕಿನ ಹಿಂದಿನ ಖಾಲಿ ಜಾಗದಲ್ಲಿ ಕಾರು ನಿಲ್ಲಿಸಿದಳು. ಬಿಸಿಲಿಗೆ ಗಾಜು ಬೆಳಗುತ್ತಿತ್ತು.

"ಸುಚಿ? ಇದ್ದೀಯಾ?"

ಉಂಗುರ ಎಳೆದು ನೋಡಿದಳು. ಗೆಣ್ಣಿನ ಹತ್ತಿರ ನಿಂತಿತು, ಮುಂದೆ ಬರಲಿಲ್ಲ. ಸೀಟಿನಲ್ಲಿ ನೆಟ್ಟಗೆ ಕೂತಳು. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡಳು.

"ಇದ್ದೀನಿ ರೀ. ಯುಗಾದಿ ದಿನದ್ದು ಒಂದು ವಿಷಯ ಹೇಳಬೇಕು. ಮಧ್ಯೆ ಮಾತಾಡಬೇಡಿ, ಪೂರ್ತಿ ಕೇಳಿ."

ಬೆರಳು ಅಲುಗಲಿಲ್ಲ. ಅವಳು ಮೊದಲಿಂದ ಹೇಳತೊಡಗಿದಳು.